ಬಿಂದುಪಥದ ಸಮೀಕರಣವನ್ನು ಕಂಡುಹಿಡಿಯುವ ಬಗೆ: ನಿಬಂಧನೆಯಿಂದ ಸಮೀಕರಣಕ್ಕೆ, ಸಮೀಕರಣದಿಂದ ಮರಳಿ ಬಿಂದುವಿಗೆ

ಗೂಟಕ್ಕೆ ಕಟ್ಟಿದ ಹಸು ಹಗ್ಗವನ್ನು ಬಿಗಿಯಾಗಿ ಎಳೆದುಕೊಂಡೇ ಸುತ್ತು ಬಂದರೆ ಅದರ ಹೆಜ್ಜೆಗಳು ನೆಲದ ಮೇಲೆ ಒಂದು ವೃತ್ತವನ್ನು ಬರೆಯುತ್ತವೆ. ಹಗ್ಗ ಸಡಿಲವಾಗಿದ್ದರೂ ಸರಿ ಎಂದಾದರೆ ಆ ವೃತ್ತದ ಒಳಗಿನ ಹುಲ್ಲೆಲ್ಲವೂ ಹಸುವಿನ ಬಾಯಿಗೆ ಸಿಗುತ್ತದೆ. ಗೂಟ ಒಂದೇ, ಹಗ್ಗ ಒಂದೇ, ಆದರೆ ನಿಬಂಧನೆಯಲ್ಲಿ ಒಂದು ಪದ ಬದಲಾದ ಕೂಡಲೇ ಉತ್ತರವೇ ಬೇರೆಯಾಯಿತು. ನಿರ್ದೇಶಾಂಕ ರೇಖಾಗಣಿತದಲ್ಲಿ ಬಿಂದುಪಥದ ಪ್ರಶ್ನೆಗಳನ್ನು ಬಿಡಿಸುವಾಗ ವಿದ್ಯಾರ್ಥಿಗಳು ಸೋಲುವುದು ಬಹುಪಾಲು ಇಲ್ಲಿಯೇ, ಅಂದರೆ ನಿಬಂಧನೆಯನ್ನು ಓದುವುದರಲ್ಲಿ ಮತ್ತು ಕೊನೆಗೆ ಬಂದ ಸಮೀಕರಣವು ಆ ನಿಬಂಧನೆಯನ್ನೇ ಹೇಳುತ್ತಿದೆಯೇ ಎಂದು ನೋಡಿಕೊಳ್ಳುವುದರಲ್ಲಿ. ನಡುವಿನ ಬೀಜಗಣಿತವನ್ನು ಹೆಚ್ಚಿನವರು ಸರಿಯಾಗಿಯೇ ಮಾಡುತ್ತಾರೆ.

ನಮ್ಮ ಭಾಷೆಯ ‘ಬಿಂದುಪಥ’ ಎಂಬ ಪದದಲ್ಲಿ ‘ಪಥ’ ಇದೆ. ಹೀಗಾಗಿ ಒಂದು ನಿಯಮಕ್ಕೆ ಕಟ್ಟುಬಿದ್ದು ಚಲಿಸುವ ಬಿಂದುವಿನ ದಾರಿ ಎಂಬ ಚಿತ್ರ ತಾನಾಗಿ ಮನಸ್ಸಿಗೆ ಬರುತ್ತದೆ, ಮತ್ತು ಸಮೀಕರಣವನ್ನು ಕಟ್ಟುವ ಹಂತದಲ್ಲಿ ಆ ಚಿತ್ರ ಬಹಳ ಉಪಯುಕ್ತ. ಆದರೆ ಕೆಲಸ ಮುಗಿಸುವ ಹಂತದಲ್ಲಿ ಬೇರೆ ಅರ್ಥವನ್ನು ನೆನಪಿಡಬೇಕು: ಬಿಂದುಪಥವೆಂದರೆ ಕೊಟ್ಟ ನಿಬಂಧನೆಯನ್ನು ಪಾಲಿಸುವ ಎಲ್ಲ ಬಿಂದುಗಳ ಗಣ, ಆ ಬಿಂದುಗಳಷ್ಟೇ ಇರುವ ಗಣ. ಆದ್ದರಿಂದ ಒಂದು ಸಮೀಕರಣವನ್ನು ಬಿಂದುಪಥದ ಸಮೀಕರಣವೆಂದು ಕರೆಯಬೇಕಾದರೆ ಎರಡು ಮಾತುಗಳು ನಿಜವಾಗಿರಬೇಕು. ನಿಬಂಧನೆಯನ್ನು ಪಾಲಿಸುವ ಪ್ರತಿಯೊಂದು ಬಿಂದುವೂ ಸಮೀಕರಣಕ್ಕೆ ಹೊಂದಬೇಕು. ಸಮೀಕರಣಕ್ಕೆ ಹೊಂದುವ ಪ್ರತಿಯೊಂದು ಬಿಂದುವೂ ನಿಬಂಧನೆಯನ್ನು ಪಾಲಿಸಬೇಕು. ಮೊದಲನೆಯದು ಲೆಕ್ಕ ಮಾಡುತ್ತಾ ಹೋದಂತೆ ಸಾಮಾನ್ಯವಾಗಿ ಸಿದ್ಧವಾಗುತ್ತದೆ. ಎರಡನೆಯದನ್ನು ನಾವೇ ನಿಂತು ನೋಡಬೇಕು.

ಸಮೀಕರಣಕ್ಕೂ ರೇಖೆಗೂ ಇರುವ ಈ ನಂಟನ್ನು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ರೆನೆ ಡೆಕಾರ್ಟ್ ಮತ್ತು ಪಿಯೆರ್ ದ ಫರ್ಮಾ ಬೇರೆಬೇರೆಯಾಗಿಯೇ ಕಂಡುಕೊಂಡರು. ಡೆಕಾರ್ಟ್ ಅವರ ಬರಹ 1637ರಲ್ಲಿ ಅಚ್ಚಾಯಿತು. ಬಿಂದುಪಥಗಳ ಕುರಿತೇ ಫರ್ಮಾ ಬರೆದ ಹಸ್ತಪ್ರತಿ ಅವರು ತೀರಿಕೊಂಡ ಮೇಲೆ 1679ರಲ್ಲಿ ಬೆಳಕು ಕಂಡಿತು. ಕೊನೆಯ ಸಮೀಕರಣದಲ್ಲಿ ಎರಡು ಅಜ್ಞಾತ ರಾಶಿಗಳು ಉಳಿದರೆ ಅಲ್ಲೊಂದು ಬಿಂದುಪಥವಿದೆ ಎಂಬುದು ಫರ್ಮಾ ಅವರ ತಿಳಿವು. ಇದು ಇಂದಿಗೂ ಒಳ್ಳೆಯ ಅಳತೆಗೋಲು: ನಿಮ್ಮ ಉತ್ತರದಲ್ಲಿ x, y ಮತ್ತು ಪ್ರಶ್ನೆಯಲ್ಲಿ ಕೊಟ್ಟ ಸ್ಥಿರಾಂಕಗಳನ್ನು ಬಿಟ್ಟು ಮೂರನೆಯ ಚರಾಕ್ಷರ ಉಳಿದಿದ್ದರೆ ಕೆಲಸ ಇನ್ನೂ ಮುಗಿದಿಲ್ಲ.

ಕೆಲಸದ ಕ್ರಮ

ಮೊದಲು ಗ್ರಾಫ್ ಹಾಳೆಯ ಮೇಲೆ ಸ್ಥಿರವಾದ ಬಿಂದುಗಳನ್ನೂ ರೇಖೆಗಳನ್ನೂ ಗುರುತಿಸಿ, ನಿಬಂಧನೆಗೆ ಹೊಂದುವ ಎರಡು ಮೂರು ಬಿಂದುಗಳನ್ನು ಕಣ್ಣಳತೆಯಿಂದಲೇ ಹುಡುಕಬೇಕು. ಈ ಬಿಂದುಗಳನ್ನು ಅಳಿಸಬೇಡಿ, ಕೊನೆಯಲ್ಲಿ ಉತ್ತರವನ್ನು ಪರೀಕ್ಷಿಸಲು ಇವೇ ಬೇಕಾಗುತ್ತವೆ. ಅನಂತರ ಬಿಂದುಪಥದ ಮೇಲಿನ ಯಾವುದೇ ಒಂದು ಬಿಂದುವನ್ನು P(x, y) ಎಂದು ಕರೆದು, ನಿಬಂಧನೆಯನ್ನು ಆ P ಬಿಂದುವಿನ ಬಗ್ಗೆ ಒಂದೇ ಕನ್ನಡ ವಾಕ್ಯದಲ್ಲಿ ಬರೆದುಕೊಳ್ಳಬೇಕು. ‘P ಯಿಂದ A ಗೆ ಇರುವ ದೂರವು P ಯಿಂದ B ಗೆ ಇರುವ ದೂರಕ್ಕೆ ಸಮ’ ಎಂಬಂಥ ವಾಕ್ಯ ಅದು. ಈ ವಾಕ್ಯ ಸಿದ್ಧವಾಗುವ ಮೊದಲು ಒಂದು ಸೂತ್ರವನ್ನೂ ಬರೆಯದಿರುವುದು ನನ್ನ ದೃಷ್ಟಿಯಲ್ಲಿ ಈ ಇಡೀ ವಿಧಾನದ ಅತ್ಯಂತ ಮುಖ್ಯ ಶಿಸ್ತು. ವಾಕ್ಯ ಸಿಕ್ಕಿತೆಂದರೆ ಅದನ್ನು PA = PB ಎಂದು ಚಿಹ್ನೆಗಳಿಗೆ ಇಳಿಸಿ, ದೂರ ಸೂತ್ರ, ಇಳಿಜಾರು, ಭಾಗ ಪ್ರಮಾಣ ಸೂತ್ರ ಇವುಗಳಲ್ಲಿ ಯಾವುದು ಬೇಕೋ ಅದನ್ನು ಬಳಸಿ ನಿರ್ದೇಶಾಂಕಗಳಿಗೆ ತಂದು, ಸಂಕ್ಷೇಪಿಸಿ, ಕೊನೆಗೆ ಪರೀಕ್ಷಿಸಬೇಕು.

ಸುಲಭವಾದ ಒಂದು ಉದಾಹರಣೆ. A(1, 2) ಮತ್ತು B(5, 4) ಬಿಂದುಗಳಿಂದ ಸಮದೂರದಲ್ಲಿರುವ ಬಿಂದುವಿನ ಪಥ ಬೇಕು. ದೂರಗಳು ಋಣವಾಗಲಾರವು, ಆದ್ದರಿಂದ PA = PB ಎನ್ನುವುದೂ PA² = PB² ಎನ್ನುವುದೂ ಒಂದೇ; ವರ್ಗಮೂಲದ ಗೊಡವೆಯಿಲ್ಲದೆ ಮುಂದುವರಿಯಬಹುದು.

(x − 1)² + (y − 2)² = (x − 5)² + (y − 4)²

ಎರಡೂ ಕಡೆಯ x² ಮತ್ತು y² ಹೋಗಿ −2x − 4y + 5 = −10x − 8y + 41 ಉಳಿಯುತ್ತದೆ, ಅಂದರೆ

2x + y = 9

ಇದು ಸರಳ ರೇಖೆ. AB ಯ ಮಧ್ಯಬಿಂದು (3, 3) ಇದಕ್ಕೆ ಹೊಂದುತ್ತದೆ. AB ಯ ಇಳಿಜಾರು ½, ಈ ರೇಖೆಯ ಇಳಿಜಾರು −2, ಗುಣಲಬ್ಧ −1. ಎಂದರೆ ಶಾಲೆಯಲ್ಲಿ ಕೈವಾರ ಹಿಡಿದು ಎಳೆದಿದ್ದ ಲಂಬಾರ್ಧಕವೇ ಇಲ್ಲಿ ಸಮೀಕರಣದ ರೂಪದಲ್ಲಿ ಎದುರಾಗಿದೆ. ಪ್ರತಿ ಹೆಜ್ಜೆಯನ್ನೂ ಹಿಂದಕ್ಕೆ ಇಡಬಹುದಾದ್ದರಿಂದ ವಿಲೋಮ ಪರೀಕ್ಷೆ, ಅಂದರೆ ಸಮೀಕರಣದಿಂದ ನಿಬಂಧನೆಗೆ ಮರಳುವ ಆ ಎರಡನೆಯ ಮಾತಿನ ಪರೀಕ್ಷೆ, ಇಲ್ಲಿ ತಾನೇ ಆಗಿದೆ.

ಅನುಪಾತ ಬಂದಾಗ

ಇನ್ನು A(−3, 0), B(3, 0) ಎಂಬ ಬಿಂದುಗಳಿವೆ, ಮತ್ತು P ಯು B ಯಿಂದ ಎಷ್ಟು ದೂರವೋ ಅದರ ಎರಡರಷ್ಟು A ಯಿಂದ ದೂರವಿರಬೇಕು ಎನ್ನೋಣ. PA = 2PB. ವರ್ಗ ಮಾಡಿದಾಗ 2 ಕೂಡ ವರ್ಗವಾಗಿ PA² = 4PB² ಆಗಬೇಕು; ಇಲ್ಲಿ 2PB² ಎಂದು ಬರೆಯುವ ತಪ್ಪು ಎಷ್ಟು ಸಾಮಾನ್ಯವೆಂದರೆ ಈ ಸಾಲಿಗೆ ಬಂದಾಗ ಪೆನ್ನನ್ನು ಒಂದು ಕ್ಷಣ ತಡೆದು ನೋಡುವುದು ಒಳ್ಳೆಯದು.

(x + 3)² + y² = 4[(x − 3)² + y²]

ಬಿಡಿಸಿ 3 ರಿಂದ ಭಾಗಿಸಿದರೆ x² + y² − 10x + 9 = 0; ವರ್ಗ ಪೂರ್ಣಗೊಳಿಸಿದರೆ

(x − 5)² + y² = 16

ಇದು (5, 0) ಕೇಂದ್ರವೂ 4 ತ್ರಿಜ್ಯವೂ ಉಳ್ಳ ವೃತ್ತ. ಮೊದಲೇ ಚಿತ್ರ ಬರೆದವರಿಗೆ x-ಅಕ್ಷದ ಮೇಲೆ ಎರಡು ಬಿಂದುಗಳು ಸಿಕ್ಕಿರುತ್ತವೆ: (1, 0) ರಲ್ಲಿ ದೂರಗಳು 4 ಮತ್ತು 2, (9, 0) ರಲ್ಲಿ 12 ಮತ್ತು 6. ಎರಡೂ ಈ ವೃತ್ತದ ಮೇಲಿವೆ. 2PB² ಎಂದು ಬರೆದಿದ್ದರೆ x² + y² − 18x + 9 = 0 ಬರುತ್ತಿತ್ತು; ಅದೂ ವೃತ್ತವೇ, ನೋಡಲು ಅಷ್ಟೇ ಚೆನ್ನಾಗಿದೆ, ಆದರೆ (1, 0) ಯನ್ನು ಆದೇಶಿಸಿದ ಕೂಡಲೇ −8 ಬಂದು ತಪ್ಪು ಬಯಲಾಗುತ್ತದೆ. ಎರಡು ಬಿಂದುಗಳಿಂದ ಇರುವ ದೂರಗಳ ಅನುಪಾತ 1 ಅಲ್ಲದ ಸ್ಥಿರ ಸಂಖ್ಯೆಯಾದಾಗಲೆಲ್ಲ ವೃತ್ತವೇ ಬರುತ್ತದೆ. ಪ್ರಾಚೀನ ಗ್ರೀಕ್ ಗಣಿತಜ್ಞ ಪೆರ್ಗಾದ ಅಪೊಲೋನಿಯಸ್‌ನ ಹೆಸರಿನಿಂದ ಅದನ್ನು ಕರೆಯುತ್ತಾರೆ.

ಲಂಬಕೋನ: ಕಳೆದುಹೋಗುವ ಬಿಂದುಗಳು, ನುಸುಳುವ ಬಿಂದುಗಳು

A(2, 3) ಮತ್ತು B(6, −1) ಸ್ಥಿರ ಬಿಂದುಗಳು. ∠APB ಲಂಬಕೋನವಾಗುವಂತೆ P ಚಲಿಸುತ್ತದೆ. ಹೆಚ್ಚಿನವರು ಮೊದಲು ಹಿಡಿಯುವ ದಾರಿ ಇಳಿಜಾರುಗಳದ್ದು: PA ಮತ್ತು PB ಲಂಬವಾಗಿವೆ, ಆದ್ದರಿಂದ ಇಳಿಜಾರುಗಳ ಗುಣಲಬ್ಧ −1.

[(y − 3)/(x − 2)] · [(y + 1)/(x − 6)] = −1

ಅಡ್ಡ ಗುಣಾಕಾರ ಮಾಡಿದರೆ (x − 2)(x − 6) + (y − 3)(y + 1) = 0, ಸಂಕ್ಷೇಪಿಸಿದರೆ

x² + y² − 8x − 2y + 9 = 0

ಕೇಂದ್ರ (4, 1), ತ್ರಿಜ್ಯ √8. ಇದು AB ಯನ್ನು ವ್ಯಾಸವಾಗಿ ಉಳ್ಳ ವೃತ್ತ. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಎಂಬ ಪ್ರಮೇಯವನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಹೆಚ್ಚಿನ ಉತ್ತರಗಳು ಇಲ್ಲಿಗೆ ನಿಲ್ಲುತ್ತವೆ, ಆದರೆ ಈ ನಾಲ್ಕು ಸಾಲುಗಳ ಒಳಗೆ ಎರಡು ಸಂಗತಿಗಳು ಸದ್ದಿಲ್ಲದೆ ನಡೆದಿವೆ, ಮತ್ತು ಬಿಂದುಪಥದ ಪಾಠದಲ್ಲಿ ನಿಧಾನಿಸಲೇಬೇಕಾದ ಜಾಗ ಇದೇ ಎಂದು ನಾನು ನಂಬಿದ್ದೇನೆ.

ಮೊದಲನೆಯದು ಛೇದಗಳ ಸಂಗತಿ. x = 2 ಆದಾಗ PA ಲಂಬವಾಗಿ ಮೇಲಕ್ಕೆ ನಿಲ್ಲುತ್ತದೆ, ಅದಕ್ಕೆ ಇಳಿಜಾರೇ ಇಲ್ಲ; x = 6 ಆದಾಗ PB ಯದೂ ಹಾಗೆಯೇ. ಈಗ (2, −1) ಎಂಬ ಬಿಂದುವನ್ನು ನೋಡಿ. ಅಲ್ಲಿಂದ A ಗೆ ನೇರ ಮೇಲಕ್ಕೆ ಹೋಗಬೇಕು, B ಗೆ ನೇರ ಬಲಕ್ಕೆ ಹೋಗಬೇಕು. ಇದಕ್ಕಿಂತ ಸ್ಪಷ್ಟವಾದ ಲಂಬಕೋನ ಇನ್ನೊಂದಿಲ್ಲ. (6, 3) ಕೂಡ ಅಂಥದ್ದೇ ಬಿಂದು. ಇಳಿಜಾರಿನ ಸಾಲು ಈ ಎರಡೂ ಬಿಂದುಗಳನ್ನು ಹೊರಗಿಟ್ಟಿತ್ತು; ಅಡ್ಡ ಗುಣಾಕಾರ ಮಾಡಿದ ಮೇಲೆ ಅವು ಮರಳಿ ಬಂದವು, ಏಕೆಂದರೆ (2, −1) ಅನ್ನು ಕೊನೆಯ ಸಮೀಕರಣದಲ್ಲಿ ಇಟ್ಟರೆ 4 + 1 − 16 + 2 + 9 = 0 ಆಗುತ್ತದೆ. ಇಲ್ಲಿ ನಮ್ಮ ಅದೃಷ್ಟ ಚೆನ್ನಾಗಿತ್ತು. ಆದರೆ ಅದೃಷ್ಟವನ್ನು ನಂಬಿ ಉತ್ತರ ಬರೆಯಬೇಕಾಗಿಲ್ಲ. ಪೈಥಾಗೊರಸ್ ಪ್ರಮೇಯದಿಂದ PA² + PB² = AB² ಎಂದು ಆರಂಭಿಸಿದರೆ ಛೇದವೇ ಬರುವುದಿಲ್ಲ, ಒಂದು ಬಿಂದುವೂ ದಾರಿಯಲ್ಲಿ ಕಳೆದುಹೋಗುವುದಿಲ್ಲ, ಸಮೀಕರಣವೂ ಅದೇ ಬರುತ್ತದೆ. ಲಂಬಕೋನದ ಪ್ರಶ್ನೆಗಳಲ್ಲಿ ನಾನು ಈ ದಾರಿಯನ್ನೇ ಶಿಫಾರಸು ಮಾಡುತ್ತೇನೆ.

ಎರಡನೆಯದು A ಮತ್ತು B ಬಿಂದುಗಳದೇ ಸಂಗತಿ. (2, 3) ಕೂಡ ವೃತ್ತದ ಸಮೀಕರಣಕ್ಕೆ ಹೊಂದುತ್ತದೆ. ಆದರೆ P ಯು A ಯ ಮೇಲೆಯೇ ಕುಳಿತರೆ PA ಎಂಬ ರೇಖಾಖಂಡವೇ ಇಲ್ಲ, ∠APB ಎಂಬ ಮಾತಿಗೆ ಅರ್ಥವೂ ಇಲ್ಲ. ಆದ್ದರಿಂದ ಪೂರ್ಣ ಉತ್ತರ ಹೀಗಿರಬೇಕು: ಬಿಂದುಪಥವು x² + y² − 8x − 2y + 9 = 0 ಎಂಬ ವೃತ್ತ, A ಮತ್ತು B ಬಿಂದುಗಳನ್ನು ಹೊರತುಪಡಿಸಿ. ಇಂಥ ಅರ್ಧ ಸಾಲನ್ನು ಸೇರಿಸುವವರು ವೃತ್ತದ ಜೊತೆಗೆ ನಿಬಂಧನೆಯನ್ನೂ ಕಂಡಿದ್ದಾರೆಂದು ಓದುವವರಿಗೆ ತಿಳಿಯುತ್ತದೆ.

ವರ್ಗಮೂಲಗಳೂ ನಿರಪೇಕ್ಷ ಬೆಲೆಯೂ

P ಯಿಂದ x-ಅಕ್ಷಕ್ಕೆ ಇರುವ ದೂರ y ಅಲ್ಲ, |y|. y-ಅಕ್ಷಕ್ಕೆ ಇರುವ ದೂರ |x|. x-ಅಕ್ಷದಿಂದ ಇರುವ ದೂರವು y-ಅಕ್ಷದಿಂದ ಇರುವ ದೂರದ ಎರಡರಷ್ಟು ಎಂದರೆ |y| = 2|x|, ಅಂದರೆ y² = 4x²; ಉತ್ತರ y = 2x ಮತ್ತು y = −2x ಎಂಬ ಎರಡು ರೇಖೆಗಳು. ನಿರಪೇಕ್ಷ ಬೆಲೆಯ ಚಿಹ್ನೆಯನ್ನು ಮರೆತವರ ಕೈಗೆ ಸಿಗುವುದು ಅರ್ಧ ಉತ್ತರ.

ಎರಡು ದೂರಗಳ ಮೊತ್ತ ಬಂದಾಗ ಬೀಜಗಣಿತ ಸ್ವಲ್ಪ ಉದ್ದವಾಗುತ್ತದೆ. ಹಿಂದಿನ A(−3, 0), B(3, 0) ಬಿಂದುಗಳನ್ನೇ ತೆಗೆದುಕೊಂಡು PA + PB = 10 ಎನ್ನೋಣ. ಎರಡು ವರ್ಗಮೂಲಗಳನ್ನು ಒಂದೇ ಕಡೆ ಇಟ್ಟುಕೊಂಡು ವರ್ಗ ಮಾಡಿದರೆ ಲೆಕ್ಕ ಗೋಜಲಾಗುತ್ತದೆ; ಒಂದನ್ನು ಆಚೆಗೆ ಸಾಗಿಸಿ PA = 10 − PB ಎಂದು ಬರೆದು ವರ್ಗ ಮಾಡಬೇಕು.

(x + 3)² + y² = 100 − 20PB + (x − 3)² + y²

ಸಂಕ್ಷೇಪಿಸಿದರೆ 5PB = 25 − 3x. ಇನ್ನೊಮ್ಮೆ ವರ್ಗ ಮಾಡಿದರೆ 25[(x − 3)² + y²] = (25 − 3x)², ಅಲ್ಲಿಂದ 16x² + 25y² = 400, ಅಂದರೆ

x²/25 + y²/16 = 1

ಇದು ದೀರ್ಘವೃತ್ತ, A ಮತ್ತು B ಅದರ ನಾಭಿಗಳು. ಎರಡು ಗೂಟಗಳಿಗೆ ಹಗ್ಗದ ಎರಡು ತುದಿಗಳನ್ನು ಕಟ್ಟಿ, ಕಡ್ಡಿಯೊಂದರಿಂದ ಹಗ್ಗವನ್ನು ಬಿಗಿಯಾಗಿ ಹಿಡಿದು ಸುತ್ತಿದರೆ ನೆಲದ ಮೇಲೆ ಮೂಡುವ ಆಕೃತಿ ಇದೇ. ಎರಡು ಬಾರಿ ವರ್ಗ ಮಾಡಿದ್ದರಿಂದ ಬೇಡದ ಬಿಂದುಗಳು ನುಸುಳಿರಬಹುದೇ ಎಂದು ಕೇಳಲೇಬೇಕು. ದೀರ್ಘವೃತ್ತದ ಮೇಲೆ x ನ ಬೆಲೆ −5 ರಿಂದ 5 ರವರೆಗೆ ಮಾತ್ರ ಇರುವುದರಿಂದ 25 − 3x ಧನವಾಗಿಯೇ ಉಳಿಯುತ್ತದೆ, PB = 5 − 3x/5 ಎಂಬುದು 2 ಮತ್ತು 8 ರ ನಡುವೆ ಇರುತ್ತದೆ, ಹಾಗಾಗಿ 10 − PB ಕೂಡ ಧನ; ನುಸುಳಿದವರು ಯಾರೂ ಇಲ್ಲ. ಹಗ್ಗದ ಉದ್ದವನ್ನು 6 ಕ್ಕೆ ಇಳಿಸಿದರೆ ಮಾತ್ರ ಬಿಂದುಪಥ AB ಎಂಬ ರೇಖಾಖಂಡವಾಗಿ ಕುಗ್ಗುತ್ತದೆ, 6 ಕ್ಕಿಂತ ಕಡಿಮೆ ಮಾಡಿದರೆ ಹಗ್ಗ ಗೂಟಗಳನ್ನೇ ಮುಟ್ಟದು, ಬಿಂದುಪಥವೇ ಇಲ್ಲ.

ಮೊತ್ತದ ಬದಲು ವ್ಯತ್ಯಾಸ ತೆಗೆದುಕೊಂಡು PA − PB = 4 ಎಂದರೆ ಸ್ಥಿತಿ ಬೇರೆ. ಅದೇ ಕ್ರಮದಲ್ಲಿ ಲೆಕ್ಕ ಮಾಡಿದರೆ x²/4 − y²/5 = 1 ಎಂಬ ಅತಿಪರವಲಯ ಬರುತ್ತದೆ, ಅದಕ್ಕೆ ಎಡಕ್ಕೊಂದು ಬಲಕ್ಕೊಂದು ಎರಡು ಶಾಖೆಗಳು. ನಿಬಂಧನೆ ಹೇಳುವುದು PA ದೊಡ್ಡದಿರಬೇಕು ಎಂದು, ಅಂದರೆ P ಯು B ಯ ಕಡೆಗಿರಬೇಕು; ಎಡ ಶಾಖೆಯ (−2, 0) ಬಿಂದುವಿನಲ್ಲಿ PA − PB = 1 − 5 = −4. ಎಡ ಶಾಖೆ ಪೂರ್ತಿಯಾಗಿ ವರ್ಗ ಮಾಡಿದ್ದರಿಂದ ಒಳಬಂದದ್ದು, ಆದ್ದರಿಂದ ಉತ್ತರದಲ್ಲಿ x ≥ 2 ಎಂದು ಸೇರಿಸಬೇಕು.

ಗೋಡೆಗೆ ಒರಗಿದ ಏಣಿ

ಇಷ್ಟರವರೆಗೆ P ಯ ನಿಬಂಧನೆ ನೇರವಾಗಿತ್ತು. ಇನ್ನೊಂದು ಬಗೆಯ ಪ್ರಶ್ನೆಗಳಲ್ಲಿ ಬೇರೇನೋ ಚಲಿಸುತ್ತದೆ, P ಅದನ್ನು ಹಿಂಬಾಲಿಸುತ್ತದೆ. 10 ಅಡಿ ಉದ್ದದ ಏಣಿಯ ಮೇಲ್ತುದಿ ಗೋಡೆಗೆ ತಾಗಿ, ಕೆಳತುದಿ ನೆಲದ ಮೇಲೆ ಜಾರುತ್ತಿದ್ದರೆ ಏಣಿಯ ಮಧ್ಯಬಿಂದು ಯಾವ ದಾರಿಯಲ್ಲಿ ಇಳಿಯುತ್ತದೆ? ಲೆಕ್ಕಕ್ಕೆ ಮೊದಲು ಒಂದು ಪ್ರಯೋಗ ಮಾಡಿ. ರಟ್ಟಿನಿಂದ 10 ಸೆಂ.ಮೀ. ಉದ್ದದ ಪಟ್ಟಿಯೊಂದನ್ನು ಕತ್ತರಿಸಿ, ನಡುವೆ ಪೆನ್ಸಿಲ್ ಮೊನೆ ಹಿಡಿಸುವಷ್ಟು ತೂತು ಮಾಡಿ, ಪಟ್ಟಿಯ ಎರಡು ತುದಿಗಳು ಗ್ರಾಫ್ ಹಾಳೆಯ ಎರಡು ಅಕ್ಷಗಳ ಮೇಲೆಯೇ ಇರುವಂತೆ ಜಾರಿಸುತ್ತಾ ತೂತಿನಲ್ಲಿ ಚುಕ್ಕೆ ಇಡುತ್ತಾ ಹೋಗಿ. ಹತ್ತು ಹನ್ನೆರಡು ಚುಕ್ಕೆಗಳಾಗುವ ಹೊತ್ತಿಗೆ ಆಕಾರ ಕಣ್ಣಿಗೆ ಕಾಣುತ್ತದೆ. ಚುಕ್ಕೆಗಳ ಸಾಲು ಒಳಕ್ಕೆ ಬಾಗುತ್ತದೆಂದು ಊಹಿಸಿದವರಿಗೆ ಅದು ಹೊರಕ್ಕೆ ಉಬ್ಬಿರುವುದನ್ನು ಕಂಡು ಆಶ್ಚರ್ಯವಾಗಬಹುದು.

ಲೆಕ್ಕದಲ್ಲಿ ಏಣಿಯ ಕೆಳತುದಿಯನ್ನು (a, 0), ಮೇಲ್ತುದಿಯನ್ನು (0, b) ಎನ್ನೋಣ. a, b ಬದಲಾಗುತ್ತಲೇ ಇರುತ್ತವೆ, ಆದರೆ a² + b² = 100 ಎಂಬುದು ಬದಲಾಗುವುದಿಲ್ಲ. ಹೀಗೆ ಕೆಲಸಕ್ಕೆ ಬಂದು ಕೊನೆಗೆ ಹೋಗಬೇಕಾದ ರಾಶಿಗಳೇ ಪ್ರಾಚಲಗಳು. ಇಂಥ ಪ್ರಶ್ನೆಗಳಲ್ಲಿ P ಯನ್ನು (x, y) ಎನ್ನದೆ (h, k) ಎಂದು ಕರೆಯುವ ರೂಢಿಯಿದೆ, ಅದಕ್ಕೆ ಕಾರಣವೂ ಇದೆ: ಪ್ರಶ್ನೆಯಲ್ಲಿ ಚಲಿಸುವ ರೇಖೆಯೊಂದಿದ್ದರೆ ಅದರ ಸಮೀಕರಣದಲ್ಲಿ x, y ಈಗಾಗಲೇ ಬಳಕೆಯಾಗಿರುತ್ತವೆ, ಅವೇ ಅಕ್ಷರಗಳನ್ನು P ಗೂ ಕೊಟ್ಟರೆ ಎರಡರ ನಡುವೆ ಗೊಂದಲವಾಗುತ್ತದೆ. ಇಲ್ಲಿ h = a/2, k = b/2. ನಮಗೆ ಬೇಕಾದದ್ದು a, b ಗಳನ್ನು ವರ್ಜಿಸುವುದು, ಆದ್ದರಿಂದ ಅವುಗಳನ್ನು h, k ಮೂಲಕ ಹೇಳಬೇಕು: a = 2h, b = 2k. ಬದಲಾಗದ ಸಂಬಂಧದಲ್ಲಿ ಇವನ್ನು ಆದೇಶಿಸಿದರೆ 4h² + 4k² = 100. ಕೊನೆಗೆ h, k ಗಳ ಜಾಗದಲ್ಲಿ x, y ಬರೆದರೆ

x² + y² = 25

ಏಣಿ ಗೋಡೆಯನ್ನೂ ನೆಲವನ್ನೂ ದಾಟಿ ಹೋಗಲಾರದು, ಆದ್ದರಿಂದ ಪಥವು ಮೊದಲ ಚತುರ್ಥಕದಲ್ಲಿರುವ ಕಾಲು ವೃತ್ತ ಮಾತ್ರ, (5, 0) ಮತ್ತು (0, 5) ಸೇರಿದಂತೆ. ರಟ್ಟಿನ ಪಟ್ಟಿಯಲ್ಲಿ ತೂತನ್ನು ನಡುವಿನ ಬದಲು ಕೆಳತುದಿಯಿಂದ 4 ಸೆಂ.ಮೀ. ದೂರದಲ್ಲಿ ಮಾಡಿದರೆ h = 3a/5, k = 2b/5 ಆಗಿ, ಅದೇ ಕ್ರಮದಲ್ಲಿ x²/36 + y²/16 = 1 ಬರುತ್ತದೆ; ವೃತ್ತ ಹೋಗಿ ದೀರ್ಘವೃತ್ತದ ಕಾಲು ಭಾಗ ಮೂಡುತ್ತದೆ. ಒಂದೇ ಪಟ್ಟಿಯಲ್ಲಿ ಎರಡೂ ತೂತುಗಳನ್ನು ಮಾಡಿ ಎರಡು ಬಣ್ಣದ ಪೆನ್ಸಿಲ್‌ಗಳಿಂದ ಚುಕ್ಕೆ ಇಟ್ಟು ನೋಡುವುದು ಹದಿನೈದು ನಿಮಿಷದ ಕೆಲಸ, ಖಂಡಿತ ಮಾಡಿ.

ಪ್ರಾಚಲವನ್ನು ವರ್ಜಿಸುವಾಗ ಪರೀಕ್ಷೆ ಹೇಗಿರಬೇಕೆಂದು ಇನ್ನೊಂದು ಪ್ರಶ್ನೆಯಲ್ಲಿ ನೋಡೋಣ. (2, 3) ರ ಮೂಲಕ ಹೋಗುವ ರೇಖೆಯೊಂದು x-ಅಕ್ಷವನ್ನು A ಯಲ್ಲಿ, y-ಅಕ್ಷವನ್ನು B ಯಲ್ಲಿ ಸಂಧಿಸುತ್ತದೆ. ರೇಖೆ ತಿರುಗಿದಂತೆ AB ಯ ಮಧ್ಯಬಿಂದುವಿನ ಪಥ ಯಾವುದು? ರೇಖೆಯನ್ನು x/a + y/b = 1 ಎಂದು ಬರೆದರೆ ಅದು (2, 3) ರ ಮೂಲಕ ಹೋಗುವುದರಿಂದ 2/a + 3/b = 1. ಮಧ್ಯಬಿಂದು (h, k) ಆದ್ದರಿಂದ a = 2h, b = 2k; ಆದೇಶಿಸಿದರೆ 1/h + 3/(2k) = 1, ಛೇದಗಳನ್ನು ತೆಗೆದು x, y ಬರೆದರೆ

3x + 2y = 2xy

ಪರೀಕ್ಷೆಗೆ x + y = 5 ಎಂಬ ರೇಖೆ ಸಾಕು: ಅದು (2, 3) ರ ಮೂಲಕ ಹೋಗುತ್ತದೆ, ಅದರ ಮಧ್ಯಬಿಂದು (2.5, 2.5), ಎರಡೂ ಕಡೆ 12.5 ಬರುತ್ತದೆ. ಇನ್ನು ವಿಲೋಮ. ಸಮೀಕರಣದಲ್ಲಿ x = 1 ಎಂದಿಟ್ಟರೆ 3 = 0 ಎಂಬ ಅಸಾಧ್ಯ ಮಾತು ಬರುತ್ತದೆ, y = 3/2 ಎಂದಿಟ್ಟರೂ ಹಾಗೆಯೇ; ಇದು ಸರಿಯೇ, ಏಕೆಂದರೆ ಅವು x = 2 ಮತ್ತು y = 3 ಎಂಬ ರೇಖೆಗಳಿಗೆ ಸಂಬಂಧಿಸಿದ ಬೆಲೆಗಳು, ಆ ರೇಖೆಗಳು ಒಂದು ಅಕ್ಷಕ್ಕೆ ಸಮಾಂತರವಾಗಿರುವುದರಿಂದ ಅದನ್ನು ಸಂಧಿಸುವುದೇ ಇಲ್ಲ, ಮಧ್ಯಬಿಂದುವೂ ಇಲ್ಲ. ಆದರೆ ಮೂಲಬಿಂದು (0, 0) ಸಮೀಕರಣಕ್ಕೆ ಹೊಂದುತ್ತದೆ. ಅದಕ್ಕೆ ತಕ್ಕ ರೇಖೆ y = 3x/2; ಅದು ಎರಡೂ ಅಕ್ಷಗಳನ್ನು ಮೂಲಬಿಂದುವಿನಲ್ಲಿಯೇ ಸಂಧಿಸುವುದರಿಂದ A ಮತ್ತು B ಒಂದೇ ಆಗುತ್ತವೆ, AB ಎಂಬ ರೇಖಾಖಂಡ ಉಳಿಯುವುದಿಲ್ಲ. ಛೇದಗಳನ್ನು ತೆಗೆಯಲು hk ಯಿಂದ ಗುಣಿಸಿದ ಆ ಸಾಲಿನಲ್ಲಿಯೇ ಈ ಬಿಂದು ಒಳಬಂದಿತ್ತು. ಆದ್ದರಿಂದ ಉತ್ತರ ಪತ್ರಿಕೆಯಲ್ಲಿ ‘3x + 2y = 2xy, ಮೂಲಬಿಂದುವನ್ನು ಹೊರತುಪಡಿಸಿ’ ಎಂದು ಬರೆಯಬೇಕು.